ಯೋ-ನಾ-ನುಕಿ ನನ್ನನ್ನು ಎಡವಿಸಿದ್ದು ಎಲ್ಲಿ? ಜೆ-ಮೆಲೋ ನೋಡುತ್ತಾ ಬರೆದುಕೊಂಡ ಟಿಪ್ಪಣಿ

ಜೆ-ಮೆಲೋ ಅಂದರೆ ಜಪಾನಿನ ಎನ್‌ಎಚ್‌ಕೆ ಎಂಬ ಸಾರ್ವಜನಿಕ ಪ್ರಸಾರ ಸಂಸ್ಥೆ ಹೊರದೇಶದ ಕೇಳುಗರಿಗಾಗಿ ಮಾಡಿದ ಟಿವಿ ಕಾರ್ಯಕ್ರಮ. 2005ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಹಾಡು ಜಪಾನಿನದು, ಮಾತೆಲ್ಲ ಇಂಗ್ಲಿಷಿನಲ್ಲಿ. 2008ರಿಂದ ನಡೆಸಿಕೊಟ್ಟವರು ಗಾಯಕಿ ಮೇ ಜೆ. ರಾಕ್, ಅನಿಮೆ (ಜಪಾನಿನ ಕಾರ್ಟೂನ್) ಹಾಡು, ಹಳೆಯ ವಾದ್ಯ, ಎಲ್ಲ ಒಂದೇ ಚಾವಡಿಯಲ್ಲಿ. ಕೇಳೋಕೆ ಸೊಗಸು. ಆದರೆ ಈ ಹಾಡು ಯಾಕೆ ಹೀಗೆ ಕೇಳಿಸುತ್ತೆ ಅಂತ ತಿಳಿಯಬೇಕಾದರೆ ನಾವೇ ಕೂತು ಬಿಡಿಸಬೇಕು. ನಾನು ಬಿಡಿಸಿದ್ದು ಇಷ್ಟು. ಅದರಲ್ಲಿ ಎಡವಿದ್ದು ಯೋ-ನಾ-ನುಕಿ ಅನ್ನೋ ಐದು ಸ್ವರದ ಸಾಲಿನಲ್ಲಿ.

ಹಾಡಿನ ಅಂಗಗಳು

ನಮ್ಮ ಪಲ್ಲವಿ, ಚರಣದ ಹಾಗೆ ಅವರಲ್ಲಿ ಎ-ಮೆಲೋ, ಬಿ-ಮೆಲೋ, ಸಾಬಿ. ಮೆಲೋ ಅಂದರೆ ಮೆಲೊಡಿಯ ಮೊಟಕು ರೂಪ. ಎ-ಮೆಲೋದಲ್ಲಿ ಕತೆ ಶುರು, ಬಿ-ಮೆಲೋದಲ್ಲಿ ಏರಿಕೆ, ಸಾಬಿಯಲ್ಲಿ ಎಲ್ಲರೂ ಕೂಗಿ ಹಾಡುವ ಭಾಗ. ಕೊನೆಯ ಕಡೆ ವಾದ್ಯಗಳೆಲ್ಲ ತಗ್ಗಿ, ದನಿ ಒಂದೇ ಉಳಿದು ಸಾಬಿ ಬಂದರೆ ಅದು ಓಚಿ-ಸಾಬಿ. ಅನಿಮೆಯ ಶುರುವಿನ ಹಾಡು ಸುಮಾರು ಒಂದೂವರೆ ನಿಮಿಷ. ಅಷ್ಟರಲ್ಲೇ ಮೂರೂ ಭಾಗ ಮುಗಿಸಬೇಕು, ಅದಕ್ಕೇ ಆ ಓಟ. ಇದರಲ್ಲಿ ಕಷ್ಟ ಏನೂ ಇಲ್ಲ.

ಯೋ-ನಾ-ನುಕಿ

ಕಷ್ಟ ಶುರುವಾಗಿದ್ದು ಇಲ್ಲಿ. ಜಪಾನಿನಲ್ಲಿ ಒಂದು, ಎರಡು, ಮೂರು ಎಣಿಸುವ ಹಳೆಯ ರೀತಿ ಹಿ, ಫು, ಮಿ, ಯೋ, ಇ, ಮು, ನಾ. ಯೋ ಅಂದರೆ ನಾಲ್ಕು, ನಾ ಅಂದರೆ ಏಳು. ನುಕಿ ಅಂದರೆ ತೆಗೆದು ಹಾಕಿದ್ದು. ನಾಲ್ಕನೇ ಮತ್ತು ಏಳನೇ ಸ್ವರ ಬಿಟ್ಟರೆ ಯೋ-ನಾ-ನುಕಿ. ನಮ್ಮ ಲೆಕ್ಕದಲ್ಲಿ ಮ ಮತ್ತು ನಿ ಇಲ್ಲ.

ಪಾಶ್ಚಾತ್ಯರ ಮೇಜರ್ ಸ್ವರಸಾಲು, ಅಂದರೆ ನಮ್ಮ ಏಳು ಸ್ವರದ ಶಂಕರಾಭರಣ ರಾಗದಿಂದ ಮ, ನಿ ತೆಗೆದರೆ ಉಳಿಯುವುದು ಸ ರಿ ಗ ಪ ದ. ಮೋಹನ! ನಾವು ಗೀತೆ ಕಲಿಯುವಾಗ ಹಾಡಿದ ವರವೀಣಾದ ರಾಗ. ಜಪಾನಿನ ಮೇಜಿ ದೊರೆಯ ಕಾಲದಲ್ಲಿ (1868-1912) ಶಾಲೆಯ ಮಕ್ಕಳಿಗೆ ಹಾಡಿನ ಪುಸ್ತಕ ಮಾಡಿದಾಗ ಸ್ಕಾಟ್ಲೆಂಡಿನ ಒಂದು ಹಳೆಯ ಧಾಟಿಗೆ ಜಪಾನಿ ಮಾತು ಹಾಕಿದರು. ಅದೇ ಹೋತಾರು ನೋ ಹಿಕಾರಿ. ಅದರಲ್ಲೂ ಈ ಐದೇ ಸ್ವರ. ಇವತ್ತಿಗೂ ಅಲ್ಲಿನ ಅಂಗಡಿಗಳಲ್ಲಿ ಬಾಗಿಲು ಹಾಕುವ ಹೊತ್ತಿಗೆ ಆ ಧಾಟಿ ಕೇಳಿಸುತ್ತದೆ.

ಇನ್ನು ಯೋ-ನಾ-ನುಕಿಯಲ್ಲಿ ಮೈನರ್ (ಪಾಶ್ಚಾತ್ಯರ ದುಃಖದ ಧಾಟಿಯ ಸ್ವರಸಾಲು) ಅಂತ ಇನ್ನೊಂದಿದೆ. ಎಂಕಾ (ಜಪಾನಿನ ವಿರಹ, ನೋವಿನ ಜನಪ್ರಿಯ ಹಾಡು) ಹಾಡುಗಳ ಆ ಅಳುವಿನ ಧಾಟಿ ಇದರದ್ದೇ. ನಾನು ಎಡವಿದ್ದೂ ಇದರಲ್ಲೇ, ಪೂರ್ತಿ ಎರಡು ಸಂಜೆ.

ನನ್ನ ತಪ್ಪು ಹೀಗಿತ್ತು. ಮೇಜರ್‌ನ ಆರನೇ ಸ್ವರದಿಂದ ಹೊರಟರೆ ಮೈನರ್ ಸಿಗುತ್ತದೆ ಅಂತ ಗೊತ್ತು. ಸರಿ, ಮೋಹನದ ದ ಹಿಡಿದು ಅದನ್ನೇ ಸ ಮಾಡಿಕೊಂಡೆ. ಗ್ರಹಭೇದ ಅಷ್ಟೇ ಅಲ್ವಾ? ಕೀಬೋರ್ಡಿನಲ್ಲಿ ಸಿ ಡಿ ಇ ಜಿ ಎ (ಸಿ ಅನ್ನು ಸ ಮಾಡಿದರೆ ಸ ರಿ ಗ ಪ ದ) ಇದ್ದದ್ದು ಎ ಸಿ ಡಿ ಇ ಜಿ ಆಯಿತು. ನುಡಿಸಿದರೆ ಶುದ್ಧ ಧನ್ಯಾಸಿ ರಾಗ. ಚೆನ್ನಾಗೇ ಇದೆ, ಆದರೆ ಎಂಕಾದ ವಾಸನೆಯೇ ಇಲ್ಲ.

ತಪ್ಪು ಎಲ್ಲಿ? ಮೊದಲು ಸ್ವರ ತೆಗೆದು ಆಮೇಲೆ ಜಾಗ ಬದಲಿಸಿದ್ದೆ. ಮಾಡಬೇಕಾದದ್ದು ತಿರುಗಾಮುರುಗಾ. ಮೊದಲು ಏಳು ಸ್ವರದ ಮೈನರ್‌ಗೆ ಹೋಗಬೇಕು. ಅದು ನಮ್ಮ ನಠಭೈರವಿ. ಬಿಳಿ ಕೀಗಳಲ್ಲಿ ಎ ಬಿ ಸಿ ಡಿ ಇ ಎಫ್ ಜಿ. ಈಗ ಇಲ್ಲಿಂದ ನಾಲ್ಕು ಮತ್ತು ಏಳು ಎಣಿಸಿ. ಡಿ ಮತ್ತು ಜಿ ಹೋಗುತ್ತವೆ. ಉಳಿದದ್ದು ಎ ಬಿ ಸಿ ಇ ಎಫ್. ಸ, ಚತುಶ್ರುತಿ ರಿ, ಸಾಧಾರಣ ಗ, ಪ, ಶುದ್ಧ ದ. ಶಿವರಂಜನಿಯ ದ ಒಂದು ಮೆಟ್ಟಿಲು ಇಳಿಸಿದ ಹಾಗೆ. ನುಡಿಸಿದ ತಕ್ಷಣ ಗೊತ್ತಾಗುತ್ತದೆ, ಇದೇ ಅದು!

ಇನ್ನೊಮ್ಮೆ ಬರೆದುಕೊಳ್ಳುತ್ತೇನೆ, ಇಲ್ಲದಿದ್ದರೆ ನಾನೇ ಮರೆಯುತ್ತೇನೆ. ಮೊದಲು ಜಾಗ ಬದಲಿಸು, ಆಮೇಲೆ ಎಣಿಸಿ ತೆಗೆ.

ನನ್ನ ಒಳದಾರಿ: ಅಂಟು ಹುಡುಕು

ಬಿಳಿ ಕೀಗಳಲ್ಲಿ ನಡುವೆ ಕಪ್ಪು ಕೀ ಇಲ್ಲದ ಜಾಗ ಎರಡೇ: ಇ-ಎಫ್, ಬಿ-ಸಿ. ಇವನ್ನು ನಾನು ಅಂಟು ಅಂತ ಕರೆದುಕೊಂಡಿದ್ದೇನೆ. ಮೋಹನದಲ್ಲಿ ಅಂಟೇ ಇಲ್ಲ, ಅದಕ್ಕೇ ಅದು ಹಗುರ. ನನ್ನ ತಪ್ಪು ಲೆಕ್ಕದ ಶುದ್ಧ ಧನ್ಯಾಸಿಯಲ್ಲೂ ಇಲ್ಲ. ಎ ಬಿ ಸಿ ಇ ಎಫ್‌ನಲ್ಲಿ ಎರಡೂ ಇವೆ. ಅಳು ಇರುವುದು ಅಲ್ಲೇ.

ಈಗ ಮಜಾ ನೋಡಿ. ಇವೇ ಐದು ಕೀ ಇಟ್ಟುಕೊಂಡು ಇ ಅನ್ನು ಸ ಮಾಡಿ. ಇ ಎಫ್ ಎ ಬಿ ಸಿ. ಸ, ಶುದ್ಧ ರಿ, ಮ, ಪ, ಶುದ್ಧ ದ. ನಮ್ಮಲ್ಲಿ ಕರ್ಣಾಟಕ ಶುದ್ಧ ಸಾವೇರಿ, ಅವರಲ್ಲಿ ಮಿಯಾಕೋ-ಬುಶಿ. ಕೊಟೊ, ಶಮಿಸೆನ್ ವಾದ್ಯಗಳ ಹಳೆಯ ಸದ್ದು. ಸಾಕುರಾ ಸಾಕುರಾ ಹಾಡು ಎ ಎ ಬಿ, ಎ ಎ ಬಿ ಅಂತ ಹೊರಟು ಕೊನೆಗೆ ಇ ಮೇಲೆ ಬಂದು ಕೂರುತ್ತದೆ. ಅಂದರೆ ಮ ಮ ಪ, ಮ ಮ ಪ, ಕೊನೆಗೆ ಸ. ಹಾಡು ಎಲ್ಲಿ ಕೂರುತ್ತದೆ ಅಂತ ನೋಡದೆ ಬರೀ ಕೀ ಎಣಿಸಿದರೆ ಇದನ್ನೂ ಎಂಕಾ ಧಾಟಿ ಅಂದುಬಿಡುತ್ತೇವೆ.

ಜಪಾನಿನ ದಕ್ಷಿಣದ ದ್ವೀಪ ಒಕಿನಾವಾದ ರ್‍ಯೂಕ್ಯೂ ಧಾಟಿ ಸಿ ಇ ಎಫ್ ಜಿ ಬಿ. ಸ ಗ ಮ ಪ ನಿ, ಪಕ್ಕಾ ಗಂಭೀರ ನಾಟ. ದೇವಸ್ಥಾನದ ಉತ್ಸವದಲ್ಲಿ ನಾದಸ್ವರದವರು ಮಲ್ಲಾರಿ ನುಡಿಸುವ ರಾಗ! ಸಾನ್‌ಶಿನ್ ಅನ್ನೋ ಮೂರು ತಂತಿಯ ವಾದ್ಯ ಮೀಟಿದಾಗ ಅದೇ ಸ್ವರಗಳು ಬಿಸಿಲು, ಕಡಲು ಅನ್ನಿಸುತ್ತವೆ. 1992ರಲ್ಲಿ ದ ಬೂಮ್ ತಂಡ ಮಾಡಿದ ಶಿಮಾ ಉತಾದ ಶುರು ಕೇಳಿ, ಗೊತ್ತಾಗುತ್ತದೆ.

ಹಾಗಾಗಿ ಹಾಡು ಕೇಳುವಾಗ ನಾನು ಕೇಳಿಕೊಳ್ಳುವುದು ಒಂದೇ, ಸ ಪಕ್ಕದಲ್ಲಿ ಅಂಟು ಎಲ್ಲಿದೆ? ಅಂಟು ಸ ಸ್ವರದ ತಲೆಯ ಮೇಲೆ (ಮೇಲಿನ ಸ್ವರದ ಜೊತೆ) ಇದ್ದರೆ ಮಿಯಾಕೋ-ಬುಶಿ. ಸ ಸ್ವರದ ಕಾಲ ಕೆಳಗಿದ್ದರೆ ರ್‍ಯೂಕ್ಯೂ. ಅಂಟು ಇದೆ, ಆದರೆ ಸ ಮುಟ್ಟುವುದಿಲ್ಲ ಅಂದರೆ ಯೋ-ನಾ-ನುಕಿ ಮೈನರ್. ರಿತ್ಸು ಅಂತ ಇನ್ನೊಂದು ಉಳಿಯಿತು. ಅದು ಸ ರಿ ಮ ಪ ದ, ಆನಲೇಕರ ಗೀತೆಯ ಶುದ್ಧ ಸಾವೇರಿ. ಅದರಲ್ಲಿ ಅಂಟಿಲ್ಲ, ತಕರಾರೂ ಇಲ್ಲ. ಈ ಒಳದಾರಿ ಐದು ಸ್ವರದ ಹಾಡಿಗೆ ಮಾತ್ರ ನಡೆಯುತ್ತದೆ. ಇವತ್ತಿನ ಜೆ-ಪಾಪ್ (ಜಪಾನಿನ ಪಾಪ್) ಹಾಡು ಹನ್ನೆರಡು ಕೀಗಳಲ್ಲೂ ಓಡಾಡುತ್ತೆ, ಅಲ್ಲಿ ಜಾಸ್ತಿ ನಂಬಬೇಡಿ.

ಓದೋ ಶಿಂಕೋ

ಹೆಸರು ಕೇಳಿ ಏನೋ ಓದೋ ವಿಷಯ ಅಂದುಕೊಂಡೆ. ಓದೋ ಅಂದರೆ ರಾಜಮಾರ್ಗ, ಶಿಂಕೋ ಅಂದರೆ ಕಾರ್ಡ್‌ಗಳ ನಡೆ. ಜೆ-ಪಾಪ್‌ನಲ್ಲಿ, ಅದರಲ್ಲೂ ಸಾಬಿಯಲ್ಲಿ, ಮತ್ತೆ ಮತ್ತೆ ಬರುವ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಸಾಲು. ನಾಲ್ಕು, ಐದು, ಮೂರು, ಆರನೇ ಸ್ವರಗಳ ಮೇಲೆ ಕಟ್ಟಿದ ಕಾರ್ಡ್‌ಗಳು. ಸಿ ಶ್ರುತಿಯಲ್ಲಿ ಎಫ್, ಜಿ, ಇ ಮೈನರ್, ಎ ಮೈನರ್. ಒಂದನೇ ಕಾರ್ಡ್ ಬರುವುದೇ ಇಲ್ಲ, ಮನೆ ಹತ್ತಿರ ಬಂದು ಪಕ್ಕದ ಬೀದಿಗೆ ತಿರುಗಿದ ಹಾಗೆ.

ನಿನ್ನೆ ಎಡಗೈಯಲ್ಲಿ ಈ ನಾಲ್ಕು ಕಾರ್ಡ್ ಹಿಡಿದು ಬಲಗೈಯಲ್ಲಿ ವರವೀಣಾ ನುಡಿಸಿದೆ. ಒಳಗಿನಿಂದ ಅಮ್ಮ ಕೇಳಿದರು, "ಯಾವ ಸಿನಿಮಾದ್ದೋ ಅದು?"