ದಾಳಿಂಬೆ ಗಿಡದ ತುಂಬ ಹೂವಿದ್ದರೂ ಕಾಯಿ ಏಕೆ ನಿಲ್ಲುವುದಿಲ್ಲ?

ಪ್ರಶ್ನೆ: ಹಿತ್ತಲಿನ ದಾಳಿಂಬೆ ಗಿಡ ಆಳೆತ್ತರಕ್ಕೆ ಬೆಳೆದಿದೆ. ಹೂವಿಗೇನೂ ಕೊರತೆಯಿಲ್ಲ. ಆದರೆ ಅರಳಿದ ಕೆಲವೇ ದಿನಗಳಲ್ಲಿ ಎಲ್ಲವೂ ಉದುರಿ ಬುಡದ ಸುತ್ತ ಬಿದ್ದಿರುತ್ತವೆ. ಕಾಯಿ ನಿಲ್ಲಲು ಏನು ಹಾಕಬೇಕು?

ಉತ್ತರ: ಸದ್ಯಕ್ಕೆ ಏನನ್ನೂ ಹಾಕಬೇಡಿ. ಮೊದಲು ಬುಡದಲ್ಲಿ ಬಿದ್ದಿರುವ ಹೂಗಳಲ್ಲಿ ಐದಾರನ್ನು ಹೆಕ್ಕಿ, ತೊಟ್ಟಿಗೆ ಅಂಟಿಕೊಂಡಿದ್ದ ತಳಭಾಗವನ್ನು ನೋಡಿ. ಗೊಬ್ಬರ, ಔಷಧಿಯ ವಿಚಾರವೆಲ್ಲ ಆಮೇಲಿನದು.

ದಾಳಿಂಬೆ ಒಂದೇ ಗಿಡದಲ್ಲಿ ಎರಡು ಬಗೆಯ ಹೂ ಬಿಡುತ್ತದೆ. ಒಂದರ ತಳ ದುಂಡಗೆ ಉಬ್ಬಿ ಹೂಜಿಯ ಆಕಾರದಲ್ಲಿರುತ್ತದೆ. ಇನ್ನೊಂದರ ತಳ ತೊಟ್ಟಿನ ಕಡೆಗೆ ಸಣ್ಣಗಾಗುತ್ತ ಹೋಗಿ, ಇಡೀ ಹೂವು ಗಂಟೆಯಂತೆ ಕಾಣುತ್ತದೆ. ಬ್ಲೇಡಿನಿಂದ ಎರಡನ್ನೂ ಉದ್ದಕ್ಕೆ ಸೀಳಿದರೆ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ಹೂಜಿ ಹೂವಿನ ತಳದಲ್ಲಿ ತುಂಬಿದ ಅಂಡಾಶಯವಿರುತ್ತದೆ. ಅದರಿಂದ ಮೇಲೆದ್ದ ಶಲಾಕೆ (ತುದಿಯಲ್ಲಿ ಪರಾಗವನ್ನು ಹಿಡಿಯುವ ಕಡ್ಡಿಯಂಥ ಭಾಗ) ಹಳದಿ ಕೇಸರಗಳ ಮಟ್ಟಕ್ಕೆ, ಕೆಲವೊಮ್ಮೆ ಅವುಗಳಿಗಿಂತ ಮೇಲಕ್ಕೆ ಚಾಚಿಕೊಂಡಿರುತ್ತದೆ. ಗಂಟೆ ಹೂವಿನಲ್ಲಿ ಅಂಡಾಶಯ ಬೆಳೆದೇ ಇರುವುದಿಲ್ಲ, ಶಲಾಕೆ ಮೊಟಕಾಗಿ ಕೇಸರಗಳ ಅಡಿಯಲ್ಲಿ ಹುದುಗಿಹೋಗಿರುತ್ತದೆ. ಲೆಕ್ಕಕ್ಕೆ ಅದು ಗಂಡು ಹೂವು. ಪರಾಗ ಕೊಟ್ಟರೆ ಅದರ ಕೆಲಸ ಮುಗಿಯಿತು, ಉದುರುವುದೇ ಸಹಜ. ಎರಡರ ನಡುವಿನ ಆಕಾರದ ಹೂಗಳೂ ಇರುತ್ತವೆ. ಅವುಗಳಲ್ಲಿ ಅಪರೂಪಕ್ಕೆ ಕಾಯಿ ಕಚ್ಚಿದರೂ ಸೊಟ್ಟಗಾಗುವುದೇ ಹೆಚ್ಚು.

ಆರೋಗ್ಯವಾಗಿರುವ ಗಿಡದಲ್ಲಿಯೂ ಎಷ್ಟೋ ಸಲ ಅರ್ಧಕ್ಕಿಂತ ಹೆಚ್ಚು ಹೂಗಳು ಗಂಡಾಗಿರುತ್ತವೆ. ಹಣ್ಣು ಮಾಡುವುದು ಗಿಡಕ್ಕೆ ದುಬಾರಿ ಕೆಲಸ: ಒಂದೊಂದು ಹಣ್ಣಿನೊಳಗೆ ನೂರಾರು ಬೀಜಗಳು, ಪ್ರತಿ ಬೀಜದ ಸುತ್ತ ರಸ, ಇವೆಲ್ಲವನ್ನೂ ಹೊದ್ದ ದಪ್ಪ ಸಿಪ್ಪೆ. ಆದ್ದರಿಂದ ಉದುರಿದವು ಹೆಚ್ಚಾಗಿ ಗಂಟೆ ಆಕಾರದವಾಗಿದ್ದರೆ ಗಿಡಕ್ಕೆ ರೋಗ ಬಂದಿದೆ ಎಂದು ಗಾಬರಿಯಾಗಬೇಡಿ. ಹೂ ಉದುರದಂತೆ ತಡೆಯುತ್ತದೆಂದು ಮಾರುವ ಯಾವ ಟಾನಿಕ್ಕೂ ಅಂಡಾಶಯವಿಲ್ಲದ ಹೂವನ್ನು ಕಾಯಿ ಮಾಡಲಾರದು. ನೆಟ್ಟು ಎರಡು ಮೂರು ವರ್ಷವೂ ಆಗದ ಗಿಡವಾದರೆ, ಇನ್ನಷ್ಟು ಕಾಯುವುದೇ ಸರಿಯಾದ ಆರೈಕೆ.

ಹೂಜಿ ಆಕಾರದವೂ ರಾಶಿಯಾಗಿ ಬಿದ್ದಿದ್ದರೆ ಮಾತ್ರ ಆರೈಕೆಯಲ್ಲಿ ಏನೋ ತಪ್ಪಿದೆ ಎಂದು ತಿಳಿಯಿರಿ. ನಾನು ಮೊದಲು ಸಂಶಯಪಡುವುದು ನೀರನ್ನು. ದಾಳಿಂಬೆ ಬರ ತಡೆಯುವ ಗಿಡ ಎಂಬ ಮಾತು ನಿಜ. ಆದರೆ ಬರದಲ್ಲಿ ಜೀವ ಹಿಡಿದಿರುವುದು ಬೇರೆ, ಕಾಯಿ ಹೊರುವುದು ಬೇರೆ. ಮಣ್ಣು ಬಿರುಕು ಬಿಡುವಷ್ಟು ಒಣಗಿಸಿ, ನೆನಪಾದ ದಿನ ಬುಡ ಮುಳುಗುವಂತೆ ನೀರು ಹೊಯ್ದರೆ ಹೂವೂ ಹೀಚೂ ಕಳಚಿಕೊಳ್ಳುತ್ತವೆ. ಬಲಿತ ಕಾಯಿ ಗಿಡದಲ್ಲೇ ಬಿರಿಯುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡಿ. ಅಲ್ಲಿ ಒಣಗಿದ್ದರೆ ಬೇರಿನ ಆಳಕ್ಕೆ ಇಳಿಯುವಂತೆ ನಿಧಾನವಾಗಿ ನೀರುಣಿಸಿ, ತೇವವಿದ್ದರೆ ಬಿಟ್ಟುಬಿಡಿ. ಪಾತಿಯ ಮೇಲೆ ಒಣ ಎಲೆ ಹರಡಿದರೆ ತೇವ ಏರುಪೇರಾಗುವುದಿಲ್ಲ. ನೀರು ನಿಲ್ಲುವ ಜಾಗವಂತೂ ಈ ಗಿಡಕ್ಕೆ ಒಗ್ಗುವುದೇ ಇಲ್ಲ.

ಇನ್ನು ಗೊಬ್ಬರ. ಎಲೆ ಕಡು ಹಸಿರಾಗಿ, ಉದ್ದುದ್ದ ಚಿಗುರು ಓಡುತ್ತಿದ್ದರೆ ಸಾರಜನಕ ಹೆಚ್ಚಾಗಿದೆ ಎಂದೇ ಅರ್ಥ. ಹೂ ಬಿಡುವ ಕಾಲದಲ್ಲಿ ಅದನ್ನು ನಿಲ್ಲಿಸಿ. ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೀಳದಿದ್ದರೆ ಬೇರೆ ಏನು ಮಾಡಿದರೂ ಫಲ ಅಷ್ಟಕ್ಕಷ್ಟೆ.

ಬೇಲಿ ಗಿಡವನ್ನು ಕತ್ತರಿಸುವಂತೆ ವರ್ಷವರ್ಷವೂ ಸುತ್ತಲೂ ತುದಿಗಳನ್ನು ಸಮನಾಗಿ ಕತ್ತರಿಸುವ ಅಭ್ಯಾಸವೂ ಹಣ್ಣಿಗೆ ಕುತ್ತು. ಹೂಗಳು ಮೂಡುವುದು ಬಲಿತ ಕೊಂಬೆಗಳ ಮೇಲಿನ ಗಿಡ್ಡ ರೆಂಬೆಗಳ ತುದಿಯಲ್ಲಿ. ಆ ತುದಿಗಳನ್ನೇ ಕತ್ತರಿಸಿದರೆ ಹಣ್ಣನ್ನೂ ಕತ್ತರಿಸಿದಂತೆ. ಒಣಗಿದ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ಮಾತ್ರ ತೆಗೆಯಿರಿ. ಬುಡದಿಂದ ಏಳುವ ಚಿಗುರುಗಳನ್ನಂತೂ ಮುಲಾಜಿಲ್ಲದೆ ಕಿತ್ತುಹಾಕಿ.

ಒಂಟಿ ಗಿಡವೆಂಬ ಚಿಂತೆ ಬೇಡ, ದಾಳಿಂಬೆ ತನ್ನದೇ ಪರಾಗದಿಂದ ಕಾಯಿ ಕಚ್ಚಬಲ್ಲದು. ಜೇನ್ನೊಣಗಳು ಬಂದರೆ ಕಾಯಿ ಹೆಚ್ಚುತ್ತದೆ, ಆದ್ದರಿಂದ ಹೂವಿರುವಾಗ ಕೀಟನಾಶಕ ಸಿಂಪಡಿಸಲೇಬೇಡಿ. ಜೇನು ಸುಳಿಯದ ಬಾಲ್ಕನಿ, ತಾರಸಿಯಾದರೆ ಆ ಕೆಲಸವನ್ನು ನೀವೇ ಮಾಡಬಹುದು. ಬೆಳಿಗ್ಗೆ ಮೆತ್ತನೆಯ ಕುಂಚವನ್ನು ಗಂಟೆ ಹೂವಿನ ಕೇಸರಗಳ ಮೇಲೆ ತಿರುಗಿಸಿ, ಹಳದಿ ಪುಡಿ ಹತ್ತಿದ ಮೇಲೆ ಹೂಜಿ ಹೂವಿನ ನಡುವಿನ ಶಲಾಕೆಯ ತುದಿಗೆ ಮುಟ್ಟಿಸಿ. ಕೆಲವು ದಿನಗಳಲ್ಲಿ ಎಸಳು ಉದುರಿದ ಮೇಲೂ ತಳ ಗಟ್ಟಿಯಾಗಿ ಉಬ್ಬುತ್ತ ಬಂದರೆ ಕಾಯಿ ನಿಂತಿದೆ. ಒಂದೇ ಗೊಂಚಲಿನಲ್ಲಿ ಎರಡು ಮೂರು ನಿಂತರೆ ಚೆನ್ನಾಗಿರುವ ಒಂದನ್ನು ಉಳಿಸಿ ಮಿಕ್ಕವನ್ನು ಚಿವುಟಿ. ಕಾಯಿಕೊರಕದ ಕಾಟವಿರುವಲ್ಲಿ ಹೀಚು ಸ್ವಲ್ಪ ದಪ್ಪವಾದೊಡನೆ ಬಟ್ಟೆಯ ಚೀಲ ಕಟ್ಟಿ. ಹಣ್ಣಾಗಲು ಇನ್ನು 5ರಿಂದ 7 ತಿಂಗಳು ಬೇಕು. ಕಿತ್ತ ಮೇಲೆ ದಾಳಿಂಬೆ ಮಾಗುವುದಿಲ್ಲವಾದ್ದರಿಂದ, ಅದರ ದುಂಡನೆಯ ಬದಿಗಳು ತುಸು ಚಪ್ಪಟೆಯಾಗಿ ಮೂಲೆಗಳು ಕಾಣುವವರೆಗೆ ಗಿಡದಲ್ಲೇ ಬಿಡಿ.

ಒಂದು ಸಂದರ್ಭದಲ್ಲಿ ಮಾತ್ರ ಈ ಯಾವ ಉಪಾಯವೂ ನಡೆಯುವುದಿಲ್ಲ. ಮಾಮೂಲಿ ದಾಳಿಂಬೆ ಹೂವಿಗೆ 5ರಿಂದ 8 ಎಸಳುಗಳಿರುತ್ತವೆ. ನಿಮ್ಮ ಹೂವಿನಲ್ಲಿ ಎಸಳುಗಳು ಪದರ ಪದರವಾಗಿ ಕಿಕ್ಕಿರಿದಿದ್ದರೆ ಅದು ಹೂವಿಗಾಗಿಯೇ ಬೆಳೆಸುವ ಅಲಂಕಾರದ ತಳಿ. ಅದರಿಂದ ಹಣ್ಣಿನ ಆಸೆ ಇಟ್ಟುಕೊಳ್ಳಬೇಡಿ. ಚೆನ್ನಾಗಿ ಫಲ ಕೊಡುವ ಗಿಡವೊಂದರಿಂದ ಪೆನ್ಸಿಲ್ ದಪ್ಪದ, ಗೇಣುದ್ದದ ಬಲಿತ ಕಡ್ಡಿಯನ್ನು ತಂದು ನೆಡಿ. ಬೀಜದಿಂದ ಬಂದ ಗಿಡ ತಾಯಿಯ ಗುಣವನ್ನೇ ಹೊತ್ತಿರುತ್ತದೆಂಬ ಭರವಸೆಯಿಲ್ಲ, ಕಡ್ಡಿಯಿಂದ ಬಂದದ್ದರಲ್ಲಿ ಆ ಅನುಮಾನವಿರುವುದಿಲ್ಲ.