ಚರ್ಚ್ ಅಂಗಳದ ಕಲ್ಲಿನ ಶಿಲುಬೆ ಯಾರ ಸಮಾಧಿ?

ಇಂಗ್ಲೆಂಡಿನ ಹಳ್ಳಿ ಸುತ್ತಿ ಬಂದವರು ಕೇಳುವುದು ಹೆಚ್ಚೂಕಡಿಮೆ ಇದೇ: "ಚರ್ಚಿನ ಅಂಗಳದಲ್ಲಿ ಮೆಟ್ಟಿಲು ಕಟ್ಟಿ ದೊಡ್ಡದೊಂದು ಕಲ್ಲಿನ ಶಿಲುಬೆ ನಿಲ್ಲಿಸಿದ್ದಾರೆ. ಅದು ಯಾರ ಸಮಾಧಿ?"

ಯಾರ ಸಮಾಧಿಯೂ ಅಲ್ಲ. ಎಷ್ಟು ಸಲ ಹೇಳಿದರೂ ಈ ಮಾತು ಮತ್ತೆ ತಲೆ ಎತ್ತುತ್ತದೆ, ಅದಕ್ಕೇ ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ನಮಗೆ ಶಿಲುಬೆ ಕಂಡರೆ ಗೋರಿ ನೆನಪಾಗುತ್ತದೆ, ಅಲ್ವಾ? ಒಬ್ಬರಿಗೆ ಒಂದು. ಆದರೆ 14-15ನೇ ಶತಮಾನದಲ್ಲಿ ಅಲ್ಲಿನ ಬಡ ರೈತನಿಗೆ ಹೆಸರಿನ ಕಲ್ಲು ಎಲ್ಲಿಂದ ಬರಬೇಕು? ಬಟ್ಟೆ ಸುತ್ತಿ ಹೂಳುತ್ತಿದ್ದರು, ಕೆಲವು ವರ್ಷ ಕಳೆದ ಮೇಲೆ ಅದೇ ಜಾಗ ಅಗೆದು ಇನ್ನೊಬ್ಬರನ್ನು ಮಲಗಿಸುತ್ತಿದ್ದರು. ಹೆಸರು ಕೆತ್ತಿದ ಕಲ್ಲುಗಳು ಅಂಗಳದಲ್ಲಿ ಜಾಸ್ತಿಯಾಗಿದ್ದು 17ನೇ ಶತಮಾನದಿಂದ ಈಚೆಗೆ. ಅಲ್ಲಿಯವರೆಗೆ ಆ ಮಣ್ಣಿನಲ್ಲಿದ್ದ ಎಲ್ಲರಿಗೂ ಸೇರಿ ಇದೊಂದೇ ಶಿಲುಬೆ. ಬದುಕಿದ್ದವರಿಗೂ ಇದೇ. ಈಸ್ಟರ್‌ಗೆ ಹಿಂದಿನ ಭಾನುವಾರ, ಅಂದರೆ ಗರಿಗಳ ಭಾನುವಾರದ ಮೆರವಣಿಗೆ ಇದರ ಮುಂದೆ ಬಂದು ನಿಲ್ಲುತ್ತಿತ್ತು, ತಾಳೆಗರಿ ಸಿಗದ ಆ ಚಳಿ ಊರಲ್ಲಿ ಯೂ ಅನ್ನೋ ಸದಾ ಹಸಿರು ಮರದ ರೆಂಬೆಯನ್ನೇ ಗರಿ ಅಂತ ಹಿಡಿದು ಬರುತ್ತಿದ್ದರು.

"ಸತ್ತವರ ಹೆಸರು ಕೆತ್ತಿದೆಯಲ್ಲ, ಫೋಟೋ ನೋಡಿ" ಅನ್ನುತ್ತೀರಿ. ನೋಡಿದ್ದೇನೆ. ಹೆಸರುಗಳ ಜೊತೆ 1914-1918 ಅಂತಲೂ ಇದೆ, ದಯವಿಟ್ಟು ಅದನ್ನೂ ಓದಿ. ಮೊದಲ ಮಹಾಯುದ್ಧ ಮುಗಿದ ಮೇಲೆ ಕೆಲವು ಊರಿನವರು ಹಳೇ ಶಿಲುಬೆಯನ್ನೇ ರಿಪೇರಿ ಮಾಡಿಸಿ, ತಮ್ಮ ಹುಡುಗರ ಹೆಸರು ಬರೆಸಿದರು. ಆ ಹುಡುಗರನ್ನು ಮನೆಗೆ ತರಲಿಲ್ಲ. ಬಹಳ ಜನ ಫ್ರಾನ್ಸ್, ಬೆಲ್ಜಿಯಂ ಮಣ್ಣಿನಲ್ಲೇ ಇದ್ದಾರೆ. ಹೆಸರು ಇಲ್ಲಿ, ದೇಹ ಅಲ್ಲಿ.

ನೀವು ಕೇಳಬೇಕಿದ್ದ ಪ್ರಶ್ನೆ ಬೇರೆಯೇ ಇದೆ: ಇವುಗಳಲ್ಲಿ ಎಷ್ಟೋ ಶಿಲುಬೆಗಳಿಗೆ ತಲೆ, ಅಂದರೆ ಕಂಬದ ತುದಿಯ ಕೆತ್ತನೆಯ ಭಾಗ, ಯಾಕಿಲ್ಲ? ಸುಮ್ನೆ ಮಳೆಗಾಳಿಗೆ ಬಿದ್ದಿದ್ದಲ್ಲ. 16ನೇ ಶತಮಾನದಲ್ಲಿ ಧರ್ಮಸುಧಾರಣೆಯ ಹೆಸರಲ್ಲಿ, ಇಂಥ ಕೆತ್ತನೆಗಳೆಲ್ಲ ವಿಗ್ರಹಪೂಜೆ ಅಂತ ಪ್ರೊಟೆಸ್ಟೆಂಟರು ಅಂದಿದ್ದರಿಂದ, ಒಡೆಯುವುದು ಶುರುವಾಯಿತು, 1643ರಲ್ಲಿ ಸಂಸತ್ತೇ ಶಿಲುಬೆಗಳನ್ನು ತೆಗೆದುಹಾಕಿ ಅಂತ ಆಜ್ಞೆ ಹೊರಡಿಸಿತು. ಕೆಲವು ಕಡೆ ಉಳಿದ ಮೋಟು ಕಂಬದ ಮೇಲೆ ನೆರಳು ಗಡಿಯಾರ ಕೂರಿಸಿಕೊಂಡರು.

ಗ್ಲಾಸ್ಟರ್‌ಶೈರ್‌ನ ಆಂಪ್ನಿ ಕ್ರೂಸಿಸ್ ಊರಿನ ಶಿಲುಬೆಯ ತಲೆ ಮಾತ್ರ ಹಾಳಾಗಲಿಲ್ಲ. 19ನೇ ಶತಮಾನದಲ್ಲಿ ಅದು ಚರ್ಚಿನ ಗೋಡೆಯೊಳಗೇ ಸಿಕ್ಕಿತು, ಯಾರೋ ಒಳಗಿಟ್ಟು ಗೋಡೆ ಮುಚ್ಚಿಬಿಟ್ಟಿದ್ದರು. ಒಂದು ಮುಖದಲ್ಲಿ ಶಿಲುಬೆಗೇರಿದ ಯೇಸು, ಇನ್ನೊಂದರಲ್ಲಿ ಮಗುವನ್ನೆತ್ತಿಕೊಂಡ ಮರಿಯಮ್ಮ. ಈಗ ಅದನ್ನು ಮತ್ತೆ ಕಂಬದ ಮೇಲೇ ಕೂರಿಸಿದ್ದಾರೆ.