ಬೇಸಿಗೆಯಲ್ಲೂ ಹರಿಯುವ ರಾಜಕಾಲುವೆ

ತಿಂಗಳಿಂದ ಒಂದು ಹನಿ ಮಳೆ ಬಿದ್ದಿಲ್ಲ. ಆದರೂ ನಿಮ್ಮ ಬಡಾವಣೆಯ ರಾಜಕಾಲುವೆ, ಅಂದರೆ ಮಳೆ ನೀರು ಹರಿಯಬೇಕಾದ ದೊಡ್ಡ ಕಾಲುವೆ, ತುಂಬಿ ಹರಿಯುತ್ತಿದೆ. ಹಾಗಿದ್ದರೆ ಅದರಲ್ಲಿರುವುದು ಹೆಚ್ಚುಕಮ್ಮಿ ಕೊಳಚೆ ನೀರೇ. ಯಾವುದೇ ಕೆರೆಯ ಕೆಲಸಕ್ಕೆ ಕರೆದರೂ ನಾನು ಮೊದಲು ಕೆರೆ ನೋಡುವುದಿಲ್ಲ, ಅದಕ್ಕೆ ನೀರು ತರುವ ಕಾಲುವೆಯ ಜಾಡು ಹಿಡಿದು ಮೇಲಕ್ಕೆ ನಡೆಯುತ್ತೇನೆ.

ಬೆಂಗಳೂರು ದಿಬ್ಬದ ಮೇಲಿನ ಊರು. ಇಲ್ಲಿ ಬಿದ್ದ ಮಳೆ ಮುಖ್ಯವಾಗಿ ಮೂರು ಕಣಿವೆಗಳಲ್ಲಿ ಇಳಿಯುತ್ತದೆ. ವೃಷಭಾವತಿಯ ನೀರು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಕಣಿವೆಗಳದ್ದು ದಕ್ಷಿಣ ಪಿನಾಕಿನಿಗೆ. ಹಿಂದಿನವರು ದಾರಿಯುದ್ದಕ್ಕೂ ಕೆರೆ ಕಟ್ಟಿ, ಒಂದರ ಕೋಡಿ ಮುಂದಿನದಕ್ಕೆ ಸೇರುವಂತೆ ಮಾಡಿದ್ದರು. ಹಾಗಾಗಿ ಮೇಲಿನ ಬೀದಿಯ ತಪ್ಪು ಕೆಳಗಿನ ಕೆರೆಗೆ ಹೋಗಿಯೇ ಹೋಗುತ್ತದೆ.

ತಪ್ಪು ಎಲ್ಲಿ? ಒಳಚರಂಡಿ ಪೈಪುಗಳು ಎಷ್ಟೋ ಕಡೆ ಕಾಲುವೆಯ ಒಳಗೇ, ಪಕ್ಕದಲ್ಲೇ ಹೋಗುತ್ತವೆ, ತಗ್ಗು ಇರುವುದೇ ಅಲ್ಲಿ ಅಲ್ವಾ. ಮನೆಗಳವರು ತಾರಸಿಯ ಮಳೆ ಪೈಪನ್ನೂ ಸುಮ್ನೆ ಒಳಚರಂಡಿಗೇ ಕೊಟ್ಟುಬಿಡುತ್ತಾರೆ. ಜೋರು ಮಳೆಗೆ ಮ್ಯಾನ್‌ಹೋಲ್ ಉಕ್ಕಿ ಎಲ್ಲವೂ ಕಾಲುವೆ ಪಾಲು. ಅದರ ಮೇಲೆ ಕಾಲುವೆಯ ತಳಕ್ಕೂ ಕಾಂಕ್ರೀಟ್ ಹಾಕುತ್ತೇವೆ. ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. ನೀರು ಇಂಗುವುದಿಲ್ಲ, ಓಟ ಜಾಸ್ತಿಯಾಗುತ್ತದೆ, ತಗ್ಗಿನ ಜನ ಮುಳುಗುತ್ತಾರೆ. 2022ರ ಸೆಪ್ಟೆಂಬರ್‌ನಲ್ಲಿ ಯಮಲೂರು, ಬೆಳ್ಳಂದೂರು ಕಡೆ ಜನ ಟ್ರ್ಯಾಕ್ಟರ್, ದೋಣಿ ಹತ್ತಿದ್ದು ನೆನಪಿದೆಯಲ್ಲ. ಕೆರೆಯಂಗಳ, ಕಾಲುವೆ ಒತ್ತುವರಿಯೂ ಅದಕ್ಕೆ ಕಾರಣ.

ದಾರಿ ಇಲ್ಲವೆಂದಲ್ಲ. ಸುಮಾರು 160 ಎಕರೆಯ ಜಕ್ಕೂರು ಕೆರೆಗೆ ಹೋಗಿ ನೋಡಿ. ಜಲಮಂಡಳಿಯ ಘಟಕದಲ್ಲಿ ಶುದ್ಧಿಯಾದ ಕೊಳಚೆ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ. ಮೊದಲು ಜೊಂಡು ಬೆಳೆದ ಜೌಗಿನಲ್ಲಿ ನಿಧಾನಕ್ಕೆ ಹಾಯುತ್ತದೆ. ಅಲ್ಲಿ ಹೂಳು ತಳಕ್ಕೆ ಕೂರುತ್ತದೆ, ಉಳಿದ ಸಾರಜನಕ, ರಂಜಕದಲ್ಲಿ ಒಂದಷ್ಟನ್ನು ಗಿಡಗಳು, ಬೇರಿನ ಸುತ್ತಲಿನ ಸೂಕ್ಷ್ಮಜೀವಿಗಳು ಹೀರುತ್ತವೆ. ಕೆರೆಯಲ್ಲಿ ಮೀನುಗಾರರ ಬಲೆ, ಅಂಚಿನಲ್ಲಿ ಕೊಕ್ಕರೆ. ಕೆರೆ ತುಂಬಿದ್ದರೆ ಸುತ್ತಲಿನ ಬಾವಿಗಳಿಗೂ ಜೀವ. ಅಂಚನ್ನು ಕಡಿದಾಗಿ ಅಗೆದು ಕಲ್ಲು ಕಟ್ಟಿದರೆ ಕೊಕ್ಕರೆಗೆ ಕಾಲೂರಲು ಜಾಗವಿರುವುದಿಲ್ಲ. ಅದಕ್ಕೇ ಪ್ರತಿ ಯೋಜನೆಯಲ್ಲೂ ಮೊಣಕಾಲಿಗಿಂತ ಕಡಿಮೆ ಆಳದ ಪಟ್ಟಿಯೊಂದನ್ನು ಬಿಡಲೇಬೇಕೆಂದು ಹಠ ಹಿಡಿಯುತ್ತೇನೆ.

ಜೊಂಡನ್ನು ಹಾಗೇ ಬಿಡುವಂತಿಲ್ಲ. ಆಗಾಗ ಕೊಯ್ದು ಹೊರಗೆ ಸಾಗಿಸಬೇಕು. ಕೊಳೆತರೆ ಹೀರಿದ್ದೆಲ್ಲ ವಾಪಸ್ ನೀರಿಗೇ. ಯೋಜನೆಯ ಅಂದಾಜುಪಟ್ಟಿಯಲ್ಲಿ ಬೇಲಿ, ದೀಪ, ನಡಿಗೆಪಥಕ್ಕೆಲ್ಲ ಹಣ ಇರುತ್ತದೆ. ಈ ಕೊಯ್ಲಿನ ಕೂಲಿಗೂ ವರ್ಷವರ್ಷ ಹಣ ಇಟ್ಟಿದ್ದಾರಾ ಎಂದು ನಿಮ್ಮ ವಾರ್ಡ್ ಸಭೆಯಲ್ಲಿ ಕೇಳಿ.